ಗಿಟಾರೇ ಇಲ್ಲದ ಕ್ಯಾಸೆಟ್

ಪ್ರಶ್ನೆ: ತೀರಿಕೊಂಡ ನನ್ನ ತಮ್ಮನ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಅವನದೇ ಅಕ್ಷರದಲ್ಲಿ ‘ನೆಕ್ರೊಮಾಂಟಿಯಾ, ಗ್ರೀಸ್, 93’ ಎಂದಿದೆ. ಹಾಕಿ ಕೇಳಿದರೆ ಗಿಟಾರಿನ ಸದ್ದೇ ಇಲ್ಲ. ನೆಲದೊಳಗೆ ಗುಡುಗಿದ ಹಾಗೆ ಏನೋ, ಅದರ ಮೇಲೆ ಕರ್ಕಶ ದನಿ. ಕ್ಯಾಸೆಟ್ ಹಾಳಾಗಿದೆಯೇ, ಟೇಪ್ ರೆಕಾರ್ಡರ್ ಕೆಟ್ಟಿದೆಯೇ? ಇವರು ಯಾರು?
– ಓದುಗರೊಬ್ಬರು, ಸಾಗರ

ಉತ್ತರ: ಎರಡೂ ಸರಿಯಾಗಿಯೇ ಇರಬೇಕು. ದಯವಿಟ್ಟು ಆ ಕ್ಯಾಸೆಟ್ ಎಸೆಯಬೇಡಿ.

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನನ್ನ ರಿಪೇರಿ ಅಂಗಡಿಯಿದ್ದ ದಿನಗಳಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಇದೇ ಆಲ್ಬಮ್ಮಿನ ಕಾಪಿ ಹಿಡಿದು ಬಂದಿದ್ದ. ಅವನ ದೂರೂ ನಿಮ್ಮದೇ. ಸ್ಪಿರಿಟ್ ಹಾಕಿ ಹೆಡ್ ಒರೆಸಿದೆ, ಬೆಲ್ಟ್ ಬದಲಿಸಿದೆ. ರಾಜ್‌ಕುಮಾರ್ ಹಾಡಿನ ಕ್ಯಾಸೆಟ್ ಹಾಕಿದರೆ ಒಂದೊಂದು ಅಕ್ಷರವೂ ಸ್ಪಷ್ಟ. ಇದನ್ನು ಹಾಕಿದರೆ ಮತ್ತೆ ಅದೇ ಗುಡುಗು. ರಾತ್ರಿ ಶಟರ್ ಎಳೆದು, ದೊಡ್ಡ ಬಾಕ್ಸಿಗೆ ವೈರ್ ಕೊಟ್ಟು ಒಬ್ಬನೇ ಕೂತು ಕೇಳಿದೆ. ಆಗ ಗೊತ್ತಾಯಿತು, ಗಿಟಾರ್ ಎಲ್ಲೂ ಅಳಿಸಿಹೋಗಿಲ್ಲ. ತಾಳಕ್ಕೆ ಬಾರಿಸುವ ಆ ಗಿಟಾರನ್ನು ಅವರು ನುಡಿಸಿಯೇ ಇಲ್ಲ.

ನೆಕ್ರೊಮಾಂಟಿಯಾ 1989ರಲ್ಲಿ ಅಥೆನ್ಸಿನಲ್ಲಿ ಹುಟ್ಟಿದ ತಂಡ. ಅದರ ಜೀವಾಳ ಇಬ್ಬರು. ಹಾಡುತ್ತ ನಾಲ್ಕು ತಂತಿಯ ಬೇಸ್ (ಗಿಟಾರಿನಂತೆಯೇ ಇದ್ದು, ಅದಕ್ಕಿಂತ ತಗ್ಗಿದ ಸ್ವರದ ವಾದ್ಯ) ನುಡಿಸುತ್ತಿದ್ದವರು ಮೇಗಸ್, ಎಂಟು ತಂತಿಯ ಬೇಸ್ ನುಡಿಸುತ್ತಿದ್ದವರು ಬ್ಯಾರನ್ ಬ್ಲಡ್. ಎರಡೂ ವೇದಿಕೆಯ ಹೆಸರುಗಳು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಅಂದರೆ ಮೊದಲು ಗಿಟಾರ್, ಆಮೇಲೆ ಉಳಿದದ್ದು ಎಂಬ ಕಾಲದಲ್ಲಿ ಇವರು ಇಡೀ ಕಟ್ಟಡವನ್ನು ಎರಡು ಬೇಸ್‌ಗಳ ಮೇಲೆ ನಿಲ್ಲಿಸಿದರು. ಅಲ್ಲಲ್ಲಿ ಒಂದು ಬಿಡಿ ಗಿಟಾರ್ ಸುಳಿದರೂ ಹಾಡನ್ನು ಹೊತ್ತು ನಡೆಯುವುದು ಬೇಸೇ.

ಎಂಟು ತಂತಿಯ ಬೇಸ್ ಎಂದರೇನು? ಕಪ್ಲರ್ ಇರುವ ಹಾರ್ಮೋನಿಯಂ ನೋಡಿದ್ದೀರಲ್ಲ, ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸ್ವರವೂ ಜೊತೆಗೆ ನುಡಿಯುತ್ತದೆ. ಇಲ್ಲಿಯೂ ಹಾಗೆಯೇ. ಒಂದೊಂದು ದಪ್ಪ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ತೆಳು ತಂತಿ, ಎರಡಕ್ಕೂ ಒಂದೇ ಮೀಟು. ಸಾಮಾನ್ಯ ಶ್ರುತಿಯಲ್ಲಿ ಬೇಸಿನ ಅತಿ ತಗ್ಗಿದ ಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅದರ ಜೋಡಿ ತಂತಿ 82 ಸಲ. ಗಿಟಾರಿನ ಅತಿ ತಗ್ಗಿದ ಸ್ವರದ ತಂತಿಯೂ ಸರಿಯಾಗಿ 82ರಲ್ಲೇ ಇರುವುದು! ಗಿಟಾರ್ ನಿಲ್ಲಬೇಕಾದ ಜಾಗದಲ್ಲಿ ಆ ತೆಳು ತಂತಿಗಳು ನಿಂತಿವೆ. ಅದಕ್ಕೆ ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುವುದು, ಸೇರಿದಾಗ ಮೇಲಿನ ಸ್ವರಾಂಶಗಳು ಎದ್ದು ಗರಗಸದ ಹಲ್ಲಿನಂಥ ಸದ್ದು ಬರುತ್ತದೆ. ನಿಮ್ಮ ಟೇಪ್ ರೆಕಾರ್ಡರಿನ ಅಂಗೈಯಗಲದ ಸ್ಪೀಕರಿಗೆ 41 ಎಳೆಯುವ ಶಕ್ತಿಯಿಲ್ಲ. ಒಳ್ಳೆಯ ಹೆಡ್‌ಫೋನ್ ಅಥವಾ ದೊಡ್ಡ ವೂಫರ್ ಇರುವ ಬಾಕ್ಸಿನಲ್ಲಿ ಒಮ್ಮೆ ಕೇಳಿ. ತಮ್ಮ ಕೇಳಿದ್ದು ಏನನ್ನು ಎಂದು ಆಗ ತಿಳಿಯುತ್ತದೆ.

ಹೆಸರಿನ ಅರ್ಥವನ್ನೂ ಹೇಳುತ್ತೇನೆ. ಗ್ರೀಕಿನಲ್ಲಿ ‘ನೆಕ್ರೋಸ್’ ಎಂದರೆ ಸತ್ತವರು, ‘ಮಾಂಟೀಯ’ ಎಂದರೆ ಕಣಿ. ಸತ್ತವರನ್ನು ಕರೆದು ಕಣಿ ಕೇಳುವುದು. ಚೌಡಿ ಬನದ ಮುಂದೆ ನಿಂತು ಮಾತು ಕೇಳುವ ನಮಗೆ ಇದು ತೀರಾ ಅಪರಿಚಿತವಲ್ಲ.

ನಿಮ್ಮಲ್ಲಿರುವುದು ಮೊದಲ ಪೂರ್ಣ ಆಲ್ಬಮ್ ‘ಕ್ರಾಸಿಂಗ್ ದಿ ಫಯರಿ ಪಾತ್’. 1993ರಲ್ಲಿ ಫ್ರಾನ್ಸಿನ ಓಸ್ಮೋಸ್ ಕಂಪನಿ ಹೊರತಂದದ್ದು. ಅದರಲ್ಲಿ ‘ದಿ ವಾರ್ಲಾಕ್’ ಎಂಬ ಹಾಡಿದೆ, ಫ್ರೆಂಚ್ ಕವಿ ಬೋದಿಲೇರನ ಕವಿತೆಯ ಹೆಸರು ಹೊತ್ತ ಹಾಡೂ ಇದೆ. ಅದಕ್ಕೆ ಮೊದಲು, 1992ರಲ್ಲಿ, ವರಾಥ್ರಾನ್ ಎಂಬ ಇನ್ನೊಂದು ಗ್ರೀಕ್ ತಂಡದ ಜೊತೆ ಒಂದು ರೆಕಾರ್ಡ್ ಹಂಚಿಕೊಂಡಿದ್ದರು. ಈ ಎರಡು ತಂಡಗಳ ಜೊತೆ ರಾಟಿಂಗ್ ಕ್ರೈಸ್ಟ್ ತಂಡವನ್ನು ಸೇರಿಸಿದರೆ ಗ್ರೀಸಿನ ಬ್ಲ್ಯಾಕ್ ಮೆಟಲ್‌ನ (ಹೆವಿ ಮೆಟಲ್‌ನ ಕರ್ಕಶ ದನಿಯ, ಕರಾಳ ಕವಲು) ಮೂರು ಕಂಬಗಳಾದವು. ಮೇಗಸ್ ಸ್ವಲ್ಪ ಕಾಲ ರಾಟಿಂಗ್ ಕ್ರೈಸ್ಟಿಗೂ ಕೀಬೋರ್ಡ್ ನುಡಿಸಿದವರು. ಅದೇ ವರ್ಷಗಳಲ್ಲಿ ನಾರ್ವೆಯ ಹುಡುಗರು ಮಂಜುಗಡ್ಡೆಯಂಥ ತಣ್ಣನೆಯ, ಓಡುವ ಸಂಗೀತ ಮಾಡುತ್ತಿದ್ದರು. ಗ್ರೀಕರದು ನಿಧಾನ, ಬೆಚ್ಚಗೆ, ರಾಗ ಹಿಡಿದು ನಡೆಯುವಂಥದ್ದು. ನನಗೆ ಗ್ರೀಕರದೇ ಹತ್ತಿರ.

1995ರ ‘ಸ್ಕಾರ್ಲೆಟ್ ಈವಿಲ್ ವಿಚಿಂಗ್ ಬ್ಲ್ಯಾಕ್’ ಇವರ ಅತ್ಯುತ್ತಮ ಕೆಲಸವೆಂಬುದು ನನ್ನ ನಂಬಿಕೆ. ಅದರಲ್ಲಿ ಹಾಡುಗಳಿಗೆ ಉಸಿರಾಡಲು ಜಾಗವಿದೆ. ಆಮೇಲೆ 2000ದಲ್ಲಿ ಒಂದು, 2007ರಲ್ಲಿ ಒಂದು. 2019ರಲ್ಲಿ ಬ್ಯಾರನ್ ಬ್ಲಡ್ ತೀರಿಕೊಂಡರು. ಮೇಗಸ್ 2021ರಲ್ಲಿ ಗೆಳೆಯನ ನೆನಪಿಗೆ ‘ಟು ದಿ ಡೆಪ್ತ್ಸ್ ವಿ ಡಿಸೆಂಡ್’ ಎಂಬ ಕೊನೆಯ ಆಲ್ಬಮ್ ಮಾಡಿ ತಂಡವನ್ನು ಮುಗಿಸಿದರು. ಎಂಟು ತಂತಿಯವನಿಲ್ಲದೆ ಈ ಹೆಸರು ಮುಂದುವರಿಯಬಾರದು ಎಂಬುದು ಸರಿಯಾದ ತೀರ್ಮಾನವೇ.

ಪ್ರಶ್ನೆ: ಪಿಯುಸಿ ಓದುವ ಮಗ ಇಂಥವೇ ಹಾಡು ಕೇಳುತ್ತಾನೆ. ಸೈತಾನನ ಹಾಡುಗಳಂತೆ. ಬಿಡಿಸಬೇಕೇ?
– ತಾಯಿಯೊಬ್ಬರು, ತೀರ್ಥಹಳ್ಳಿ

ಉತ್ತರ: ಅಮ್ಮಾ, ಸಾಹಿತ್ಯದಲ್ಲಿ ಸೈತಾನನಿದ್ದಾನೆ, ಅದನ್ನು ಮುಚ್ಚಿಡುವುದಿಲ್ಲ. ಆ ಮಾತುಗಳು ನನಗೂ ಎಲ್ಲ ಕಡೆ ಒಪ್ಪಿಗೆಯಿಲ್ಲ. ಆದರೆ ಆಟದ ರಂಗಸ್ಥಳಕ್ಕೆ ಬಣ್ಣದ ವೇಷ ಅಟ್ಟಹಾಸ ಮಾಡುತ್ತ ಬರುವಾಗ ನಾವು ಮಕ್ಕಳ ಕಣ್ಣು ಮುಚ್ಚಿಸುವುದಿಲ್ಲವಲ್ಲ. ಒಂದು ದಿನ ಪಕ್ಕದಲ್ಲಿ ಕೂತು, ಇದರಲ್ಲಿ ನಿನಗೇನು ಇಷ್ಟ ಎಂದು ಕೇಳಿ. ವಾಲ್ಯೂಮ್ ಮಾತ್ರ ಇಳಿಸಲು ಹೇಳಿ, ಕೆಟ್ಟ ಕಿವಿಗೆ ರಿಪೇರಿಯಿಲ್ಲ.

ಪ್ರಶ್ನೆ: ಮಳೆಗಾಲಕ್ಕೆ ಹಳೆಯ ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡಿದಿದೆ. ಏನು ಮಾಡಲಿ?
– ಹೊಸನಗರ

ಉತ್ತರ: ಹಾಗೇ ಹಾಕಬೇಡಿ, ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬಚ್ಚಲೊಲೆಯ ಮೇಲೆ ಒಣಗಿಸಲೂ ಬೇಡಿ, ಡಬ್ಬಿ ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಡಿ. ಆಮೇಲೆ ಮೆತ್ತನೆಯ ಒಣ ಬಟ್ಟೆ ತಾಗಿಸಿ ಹಿಡಿದು, ಕೈಯಲ್ಲೇ ಪೂರ್ತಿ ಒಮ್ಮೆ ಸುತ್ತಿ.

ಸಾಗರದವರೂ ಇದನ್ನು ಓದಿಕೊಳ್ಳಲಿ. ಜೊತೆಗೆ ಆ ಕ್ಯಾಸೆಟ್ಟಿನ ಹಿಂಬದಿಯ ಎರಡು ಕಿವಿಗಳನ್ನು ಇವತ್ತೇ ಮುರಿದುಬಿಡಿ, ಅದರ ಮೇಲೆ ಯಾರೂ ತಪ್ಪಿ ರೆಕಾರ್ಡ್ ಮಾಡದಂತೆ. ಹಾಡು ಮುಗಿಯಿತೆಂದು ನಿಲ್ಲಿಸದೆ ಎರಡೂ ಬದಿ ಕೊನೆಯವರೆಗೆ ಓಡಿಸಿ. ಅಂಗಡಿಗೆ ಬರುತ್ತಿದ್ದ ಆ ಕಾಲದ ಹುಡುಗರ ಎಷ್ಟೋ ಕ್ಯಾಸೆಟ್‌ಗಳಲ್ಲಿ, ಉಳಿದ ಟೇಪಿನ ಮೇಲೆ ಅವರದೇ ದನಿ ಇರುತ್ತಿತ್ತು.