ಎಕ್ಸ್‌ರೇಯಲ್ಲಿ ಕಾಣದ ಪ್ಲಾಸ್ಟಿಕ್

ಪ್ರಶ್ನೆ: ನಾವು ಹೊಳಲ್ಕೆರೆ ಕಡೆಯವರು. ನಮ್ಮ ತಾಯಿಗೆ 71 ವರ್ಷ. 13 ವರ್ಷದ ಹಿಂದೆ ದಾವಣಗೆರೆಯಲ್ಲಿ ಬಲ ಮಂಡಿಯ ಕೀಲು ಬದಲಿಸಿದ್ದರು. ಇಷ್ಟು ದಿನ ಚೆನ್ನಾಗಿಯೇ ಇತ್ತು. ನಾಲ್ಕು ತಿಂಗಳಿಂದ ಮೆಟ್ಟಿಲು ಇಳಿಯುವಾಗ ಟಕ್ ಅನ್ನುತ್ತದೆ, ಮಂಡಿ ಕೈಕೊಟ್ಟ ಹಾಗಾಗುತ್ತದೆ, ಸಂಜೆಗೆ ಊದಿಕೊಳ್ಳುತ್ತದೆ. ಎಕ್ಸ್‌ರೇ ನೋಡಿ ‘ಎಲ್ಲಾ ಸರಿಯಾಗಿದೆ’ ಅಂದರು. ಒಳಗಿನ ಪ್ಲಾಸ್ಟಿಕ್ ಮುರಿಯುತ್ತಾ ಸರ್? ಮತ್ತೆ ಇಡೀ ಮಂಡಿ ಬದಲಿಸಬೇಕಾ?

ಉತ್ತರ: ಮುರಿಯುತ್ತದೆ. ಸವೆಯುವುದು ಜಾಸ್ತಿ, ಮುರಿಯುವುದು ಅಪರೂಪ. ಆದರೆ ಎರಡೂ ಉಂಟು. ಎಕ್ಸ್‌ರೇ ಸರಿಯಾಗಿದೆ ಅಂದರೆ ಲೋಹದ ಭಾಗಗಳು ಸರಿಯಾಗಿವೆ ಅಂತಷ್ಟೇ. ಪ್ಲಾಸ್ಟಿಕ್ ಅದರಲ್ಲಿ ಕಾಣುವುದೇ ಇಲ್ಲ. ತೊಡೆ ಮೂಳೆಯ ಲೋಹಕ್ಕೂ ಮಂಡಿಯ ಕೆಳಗಿನ ಮೂಳೆಯ ಲೋಹದ ತಟ್ಟೆಗೂ ನಡುವೆ ಖಾಲಿ ಜಾಗ ಕಾಣುತ್ತದಲ್ವಾ, ಅಲ್ಲಿರುವುದೇ ಪ್ಲಾಸ್ಟಿಕ್. ತಾಯಿಯವರನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಿ, ಆಪರೇಷನ್ ಆದ ಹೊಸದರ ಫಿಲ್ಮ್ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಪಕ್ಕದ ಜಾಗ ಕಿರಿದಾಗಿದ್ದರೆ ಪ್ಲಾಸ್ಟಿಕ್ ಅಲ್ಲಿ ತೆಳುವಾಗಿರಬಹುದು. ಮಲಗಿಸಿ ತೆಗೆದದ್ದರಲ್ಲಿ ಇದು ತಪ್ಪಿಹೋಗುತ್ತದೆ.

ಇದು ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಪಾಲಿಎಥಿಲೀನ್‌ನಲ್ಲೇ ತುಂಬಾ ಗಟ್ಟಿಮುಟ್ಟಾದ ಜಾತಿ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಇದನ್ನು ಸೊಂಟದ ಕೀಲಿಗೆ ಬಳಸಿದರು, ಆಮೇಲೆ ಮಂಡಿಗೂ ಬಂತು. ಇದರ ಶತ್ರು ಗಾಳಿಯಲ್ಲಿರುವ ಆಮ್ಲಜನಕ. ಮೊದಲೆಲ್ಲ ಗಾಳಿಯಿರುವ ಪ್ಯಾಕೆಟ್ಟಿನಲ್ಲೇ ಗಾಮಾ ಕಿರಣ ಹಾಯಿಸಿ ಕ್ರಿಮಿ ಕೊಲ್ಲುತ್ತಿದ್ದರು. ಆ ಕಿರಣ ತಗುಲಿದ ಪ್ಲಾಸ್ಟಿಕ್ ನಿಧಾನವಾಗಿ ಆಮ್ಲಜನಕ ಹೀರಿ ಪೆಡಸಾಗುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಬದಲಾಯಿತು. ಆದರೂ ಪ್ಯಾಕೆಟ್ ಸರಿಯಿಲ್ಲದಿದ್ದರೆ ಈಗಲೂ ತೊಂದರೆಯೇ. 2021-22ರಲ್ಲಿ ಅಮೆರಿಕದ ಕಂಪನಿಯೊಂದು ಇದೇ ಕಾರಣಕ್ಕೆ ಮಂಡಿಯ ಪ್ಲಾಸ್ಟಿಕ್ ಭಾಗಗಳನ್ನು ವಾಪಸ್ ಕರೆಸಿಕೊಂಡಿತು.

ಹೀಗೆ ಕೆಟ್ಟ ಪ್ಲಾಸ್ಟಿಕ್ಕನ್ನು ಮಂಡಿಯಿಂದ ಹೊರತೆಗೆದು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಬೆಳ್ಳಗಿದ್ದದ್ದು ಹಳದಿ ತಿರುಗಿರುತ್ತದೆ. ಹಳೇ ಗಾರೆ ನೆಲ ಎದ್ದ ಹಾಗೆ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ. ಉಗುರು ಹಾಕಿದರೆ ಏಳುತ್ತದೆ.

ಇನ್ನೊಂದು ಬಗೆಯ ಮಂಡಿಯಲ್ಲಿ ಪ್ಲಾಸ್ಟಿಕ್ಕಿನ ನಡುವೆ ಗೂಟದಂತೆ ಒಂದು ಭಾಗ ಎದ್ದಿರುತ್ತದೆ. ತೆಗೆದುಹಾಕಿದ ಹಿಂದಿನ ಅಡ್ಡ ಲಿಗಮೆಂಟಿನ, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿಯ, ಕೆಲಸ ಅದರದ್ದು. ಕುಕ್ಕರುಗಾಲಲ್ಲಿ ಕೂತು ಏಳುವಾಗ ಅದಕ್ಕೆ ಜಾಸ್ತಿ ಪೆಟ್ಟು. ಆ ಗೂಟ ಮುರಿದರೆ ಇದ್ದಕ್ಕಿದ್ದಂತೆ ಶಬ್ದ ಬರುತ್ತದೆ, ಮಂಡಿ ಜಾರುತ್ತದೆ. ಬರೀ ಟಕ್ ಟಕ್ ಶಬ್ದಕ್ಕೆ ನಾನು ಹೆದರುವುದಿಲ್ಲ, ಕೃತಕ ಮಂಡಿಯಲ್ಲಿ ಅದು ಮಾಮೂಲು. ನಿಮ್ಮ ತಾಯಿಯವರಿಗೆ ಊತವೂ ಇದೆ, ಮಂಡಿಯೂ ಕೈಕೊಡುತ್ತಿದೆ. ಅದಕ್ಕೇ ಸುಮ್ನೆ ಬಿಡಬೇಡಿ ಅನ್ನುತ್ತಿದ್ದೇನೆ.

ಇಡೀ ಮಂಡಿ ಬದಲಿಸಬೇಕಾ ಅನ್ನುವುದು ಎಷ್ಟು ಬೇಗ ಬರುತ್ತೀರಿ ಅನ್ನುವುದರ ಮೇಲೂ ನಿಂತಿದೆ. ಲೋಹ ಭದ್ರವಾಗಿದ್ದು, ಸುತ್ತಲಿನ ಲಿಗಮೆಂಟುಗಳು ಬಿಗಿಯಾಗಿದ್ದರೆ ಎಷ್ಟೋ ಸಲ ಪ್ಲಾಸ್ಟಿಕ್ ಒಂದನ್ನೇ ಬದಲಿಸಿ ಮುಗಿಸಬಹುದು. ತಡ ಮಾಡಿದರೆ ಸವೆದ ಪುಡಿ ಸುಮ್ಮನಿರುವುದಿಲ್ಲ. ಅದನ್ನು ತಿನ್ನಲು ಬಂದ ನಮ್ಮದೇ ಜೀವಕೋಶಗಳು ಕೆರಳಿ ಮೂಳೆ ಕರಗುತ್ತಾ ಹೋಗುತ್ತದೆ. ಮೂಳೆ ಕರಗಿದರೆ ಲೋಹವೂ ಸಡಿಲ. ಆಗ ದೊಡ್ಡ ಆಪರೇಷನ್ನೇ.

ಮೊದಲು ಸೋಂಕು ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸಿ. ಬೇಕಾದರೆ ಮಂಡಿಯ ನೀರು ತೆಗೆದು ನೋಡುತ್ತಾರೆ. ಜ್ವರ ಬಂದರೆ, ಮಂಡಿ ಕೆಂಪಾಗಿ ಬಿಸಿಯಾದರೆ ಅವತ್ತೇ ಹೋಗಿ.

ಹಳೇ ಡಿಸ್ಚಾರ್ಜ್ ಫೈಲ್ ಹುಡುಕಿ. ಅದರಲ್ಲಿ ಚಿಕ್ಕ ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ. ಯಾವ ಕಂಪನಿ, ಯಾವ ಸೈಜು, ಪ್ಲಾಸ್ಟಿಕ್ ಎಷ್ಟು ದಪ್ಪ, ಲಾಟ್ ನಂಬರ್ ಯಾವುದು ಎಲ್ಲಾ ಅಲ್ಲಿದೆ. ಪ್ಲಾಸ್ಟಿಕ್ ಒಂದನ್ನೇ ಬದಲಿಸಬೇಕಾದರೆ ಅದೇ ಕಂಪನಿಯ, ಅದೇ ಮಾದರಿಯದೇ ಬೇಕು. ಬೇರೆಯದು ಆ ತಟ್ಟೆಗೆ ಕೂರುವುದಿಲ್ಲ. ಫೈಲ್ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೇಳಿ, ಆಪರೇಷನ್ ತಾರೀಖು ಹೇಳಿದರೆ ಹುಡುಕುವುದು ಸುಲಭ. ಅಲ್ಲಿಯವರೆಗೆ ತಾಯಿಯವರಿಗೆ ಒಂದು ಕೋಲು ಕೊಡಿ. ಮೆಟ್ಟಿಲು ಇಳಿಯುವಾಗ ಯಾರಾದರೂ ಜೊತೆಗಿರಿ.