ವರ್ಚುವಲ್ ಹ್ಯಾಂಡ್‌ಬೆಲ್‌ನಲ್ಲಿ ಮೇಲಿನ ಸ್ವರಗಳು ಕೇಳಿಸುತ್ತಿಲ್ಲ, ರೇಂಜ್ ಹಿಗ್ಗಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಚರ್ಚಿನ ಗುಂಪಿಗಾಗಿ 5 ಆಕ್ಟೇವ್ (ಸಪ್ತಕ) ಹ್ಯಾಂಡ್‌ಬೆಲ್, ಅಂದರೆ ಶ್ರುತಿ ಮಾಡಿದ ಕೈಗಂಟೆಗಳ ಸೆಟ್‌ಗೆ ಒಂದು ಹಾಡು ಜೋಡಿಸುತ್ತಿದ್ದೀರಿ. ಕಂಪ್ಯೂಟರಿನಲ್ಲಿ ಹಾಕಿ ಕೇಳಿದರೆ ಮೇಲಿನ ಒಂದು ಆಕ್ಟೇವ್ ಪೂರ್ತಿ ಸದ್ದೇ ಇಲ್ಲ. ಇರುವ ಸ್ಯಾಂಪಲ್‌ಗಳನ್ನೇ (ಒಂದೊಂದು ಗಂಟೆಯ ಸದ್ದಿನ ರೆಕಾರ್ಡಿಂಗ್) ಎಳೆದು, ಅಂದರೆ ಅವುಗಳ ಶ್ರುತಿ ಏರಿಸಿ ಅಥವಾ ಇಳಿಸಿ, ಆ ಜಾಗ ತುಂಬಬಹುದಾ ಅಂತ ಕೇಳಿದ್ದೀರಿ.

ಎಳೆಯುವ ಮೊದಲು ರೇಂಜ್ ನಿಜವಾಗಿಯೂ ಮುಗಿದಿದೆಯಾ ನೋಡಿ. ಬಹಳ ಸಲ ಮುಗಿದಿರುವುದಿಲ್ಲ, ಆಕ್ಟೇವ್ ಲೆಕ್ಕ ತಪ್ಪಿರುತ್ತದೆ ಅಷ್ಟೇ. ನಿಜವಾಗಿ ಮುಗಿದಿದ್ದರೆ ಎರಡು ಮೂರು ಸೆಮಿಟೋನ್ (ಒಂದು ಆಕ್ಟೇವ್‌ನ 12 ಮೆಟ್ಟಿಲುಗಳಲ್ಲಿ ಒಂದು) ಎಳೆಯಬಹುದು. ಅದಕ್ಕಿಂತ ಜಾಸ್ತಿ ಬೇಡ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ನಾನು ಪೆನ್ಸಿಲ್ವೇನಿಯಾದಲ್ಲಿ ಒಂದು ಹ್ಯಾಂಡ್‌ಬೆಲ್ ಗುಂಪಿನಲ್ಲಿ ಕೆಳಗಿನ ದೊಡ್ಡ ಗಂಟೆಗಳನ್ನು ಬಾರಿಸುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಬೇಕಾದ ಆಡಿಯೊ ಫೈಲ್‌ಗಳನ್ನೂ ನಾನೇ ತಯಾರಿಸುತ್ತೇನೆ. ಈ ಗಂಟೆಗಳ ದೊಡ್ಡ ತಯಾರಕರಾದ ಮಾಲ್ಮಾರ್ಕ್ ಮತ್ತು ಶುಲ್ಮೆರಿಕ್ ಇಬ್ಬರೂ ಈ ರಾಜ್ಯದವರೇ, ಹಾಗಾಗಿ ಇಲ್ಲಿ ಗಂಟೆ ಬಾರಿಸುವ ಚರ್ಚುಗಳು, ಶಾಲೆಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಈ ವಾದ್ಯ ನೋಡದೇ ಇರುವ ಓದುಗರಿಗೆ ಒಂದು ಮಾತು: ನೋಡಲು ನಮ್ಮ ದೇವರಮನೆಯ ಕೈಗಂಟೆಯ ದೊಡ್ಡಣ್ಣನ ಹಾಗಿರುತ್ತದೆ, ಆದರೆ ಒಂದೊಂದು ಗಂಟೆಯನ್ನೂ ಒಂದೇ ಒಂದು ಸ್ವರಕ್ಕೆ ಕಡೆದು ಶ್ರುತಿ ಮಾಡಿರುತ್ತಾರೆ. ಹತ್ತು ಹನ್ನೆರಡು ಜನ ಉದ್ದ ಮೇಜಿನ ಹಿಂದೆ ನಿಂತು, ಒಬ್ಬೊಬ್ಬರು ತಮ್ಮ ಪಾಲಿನ ಎರಡು ಮೂರು ಗಂಟೆ ನೋಡಿಕೊಂಡು, ಎಲ್ಲರೂ ಸೇರಿ ಒಂದು ಹಾಡು ನುಡಿಸುತ್ತಾರೆ.

ಕೆಳಗಿನ ಹೆಸರುಗಳಲ್ಲಿ ಅಕ್ಷರ ಅಂದರೆ ಸ್ವರ, ಪಕ್ಕದ ಅಂಕಿ ಅಂದರೆ ಅದು ಯಾವ ಆಕ್ಟೇವ್ ಅಂತ. 2 ಆಕ್ಟೇವ್ ಸೆಟ್ ಅಂದರೆ ಜಿ4ರಿಂದ ಜಿ6, 25 ಗಂಟೆ. 3 ಆಕ್ಟೇವ್ ಅಂದರೆ ಸಿ4ರಿಂದ ಸಿ7, 37 ಗಂಟೆ. 4 ಆಕ್ಟೇವ್‌ಗೆ ಜಿ3ರಿಂದ ಜಿ7, 49. ನಿಮ್ಮ 5 ಆಕ್ಟೇವ್‌ಗೆ ಸಿ3ರಿಂದ ಸಿ8, 61 ಗಂಟೆ. ಪೂರ್ತಿ 7 ಆಕ್ಟೇವ್ ಅಂದರೆ ಸಿ2ರಿಂದ ಸಿ9. ಪಿಯಾನೋ ಸಿ8ಕ್ಕೇ ಮುಗಿಯುತ್ತದೆ ಅನ್ನುವುದನ್ನು ನೆನಪಿಡಿ.

ಈಗ ಗೊಂದಲದ ಮೂಲಕ್ಕೆ ಬರೋಣ. ಹ್ಯಾಂಡ್‌ಬೆಲ್ ಬರೆದದ್ದಕ್ಕಿಂತ ಒಂದು ಆಕ್ಟೇವ್ ಮೇಲೆ ಕೇಳಿಸುವ ವಾದ್ಯ. ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳು) ಮೇಲೆ ಮಿಡಲ್ ಸಿ (ಪಿಯಾನೋದ ನಡುವಿನ ಸಿ) ಬರೆದರೆ, ಬಾರಿಸುವವರು ಎತ್ತಿಕೊಳ್ಳುವ ಗಂಟೆಯ ಹಿಡಿಯ ಮೇಲೆ ಸಿ5 ಅಂತ ಇರುತ್ತದೆ, ಕೇಳಿಸುವುದೂ ಸಿ5, ಸುಮಾರು 523 ಹರ್ಟ್ಸ್. ಪಿಯಾನೋದಲ್ಲಿ ಮಿಡಲ್ ಸಿ ಅಂದರೆ ಸಿ4, 262 ಹರ್ಟ್ಸ್. ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು, ಆದರೆ ಮಿಡಿಯಲ್ಲಿ (ವಾದ್ಯಗಳು, ಕಂಪ್ಯೂಟರ್‌ಗಳು ಸ್ವರಗಳನ್ನು ನಂಬರಿನಲ್ಲಿ ಹೇಳಿಕೊಳ್ಳುವ ಪದ್ಧತಿ) 60ನೇ ನಂಬರಿನ ಅದೇ ಮಿಡಲ್ ಸಿ ಕೀಯನ್ನು ಯಮಾಹಾದವರು ಸಿ3 ಅನ್ನುತ್ತಾರೆ, ರೋಲ್ಯಾಂಡ್‌ನವರು ಸಿ4 ಅನ್ನುತ್ತಾರೆ, ಗಂಟೆ ಬಾರಿಸುವವರು ಸ್ಟಾಫ್‌ನ ಆ ಜಾಗವನ್ನೇ ಸಿ5 ಅನ್ನುತ್ತಾರೆ. ಒಂದೇ ಚುಕ್ಕೆಗೆ ಮೂರು ಹೆಸರು. ಹಾಗಾಗಿ ರೇಂಜ್ ವಿಷಯ ಮಾತಾಡುವಾಗ ಅಕ್ಷರ ಬಿಟ್ಟು ಮಿಡಿ ನಂಬರನ್ನೇ ಹಿಡಿದುಕೊಳ್ಳಿ. ಕೇಳಿಸುವ ಲೆಕ್ಕದಲ್ಲಿ ನಿಮ್ಮ ಸೆಟ್ 48ರಿಂದ 108. ಬರೆಯುವ ಲೆಕ್ಕದಲ್ಲಿ 36ರಿಂದ 96.

ಸ್ಯಾಂಪಲ್ ಲೈಬ್ರರಿ (ಈ ರೆಕಾರ್ಡಿಂಗ್‌ಗಳ ಸಂಗ್ರಹ) ಮಾಡುವವರಲ್ಲೂ ಎರಡು ಪದ್ಧತಿ ಇದೆ. ಕೆಲವರು ಗಂಟೆ ಎಷ್ಟು ಎತ್ತರದಲ್ಲಿ ಕೇಳಿಸುತ್ತದೋ ಅದೇ ಕೀ ಮೇಲೆ ಇಡುತ್ತಾರೆ, ಅಂದರೆ ಸಿ5 ಗಂಟೆ 72ರ ಮೇಲೆ. ಇನ್ನು ಕೆಲವರು ಬರೆಯುವ ಜಾಗದಲ್ಲಿ, 60ರ ಮೇಲೆ ಇಡುತ್ತಾರೆ. ಈ ಎರಡನೇ ಬಗೆಯ ಲೈಬ್ರರಿ ನಿಮ್ಮ ಹತ್ತಿರ ಇದೆ, ನೋಟೇಶನ್ (ಸ್ವರ ಬರೆಯುವ) ಸಾಫ್ಟ್‌ವೇರ್ ಕೂಡ ಹ್ಯಾಂಡ್‌ಬೆಲ್ ಅಂತ ಗುರುತಿಸಿ ತಾನೇ ಒಂದು ಆಕ್ಟೇವ್ ಮೇಲೆ ಏರಿಸಿ ಕಳಿಸುತ್ತಿದೆ ಅಂದುಕೊಳ್ಳಿ. ಆಗ 97ರಿಂದ 108ರವರೆಗಿನ 12 ಕೀಗಳಿಗೆ ಸ್ಯಾಂಪಲ್ಲೇ ಇರುವುದಿಲ್ಲ, ಸದ್ದು ಬರುವುದಿಲ್ಲ. ಕೆಳಗಡೆ 36ರಿಂದ 47ರವರೆಗಿನ 12 ಸ್ಯಾಂಪಲ್‌ಗಳು ಯಾರೂ ಕೇಳದೆ ಸುಮ್ನೆ ಕೂತಿರುತ್ತವೆ. ಉಳಿದ ಹಾಡು ಒಂದು ಆಕ್ಟೇವ್ ಮೇಲೆ ಕೇಳಿಸುತ್ತದೆ, ಆದರೆ ಗಂಟೆಯ ದನಿ ಹೇಗೂ ತೀಕ್ಷ್ಣ, ಅದರಿಂದ ತಕ್ಷಣ ಗೊತ್ತಾಗುವುದಿಲ್ಲ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ. ಉಲ್ಟಾ ಸ್ಥಿತಿಯೂ ಉಂಟು: ಯಾರೂ ಏರಿಸದಿದ್ದರೆ ಕೆಳಗಿನ ಆಕ್ಟೇವ್ ಮಾಯವಾಗುತ್ತದೆ. ಒಂದು ತುದಿಯಲ್ಲಿ ಸರಿಯಾಗಿ 12 ಸ್ವರ ಇಲ್ಲ, ಇನ್ನೊಂದು ತುದಿಯಲ್ಲಿ ಸರಿಯಾಗಿ 12 ಮಿಕ್ಕಿವೆ ಅಂದರೆ ಅದು ರೇಂಜಿನ ಮಿತಿ ಅಲ್ಲವೇ ಅಲ್ಲ. ಟ್ರ್ಯಾಕಿನ ಟ್ರಾನ್ಸ್‌ಪೋಸ್ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಸರಿಸುವ ಸೆಟ್ಟಿಂಗ್) ಅನ್ನು 12 ಇಳಿಸಿದರೆ ಅಥವಾ ಏರಿಸಿದರೆ ಮುಗಿಯಿತು.

ಪರೀಕ್ಷೆ ಮಾಡಲು ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ಟ್ರೆಬಲ್ ಸ್ಟಾಫಿನ ಎರಡನೇ ಸಂದಿಯಲ್ಲಿ ಎ ಬರೆದು ಪ್ಲೇ ಮಾಡಿ. ಟ್ಯೂನರ್ 880 ತೋರಿಸಬೇಕು. 1760 ತೋರಿಸಿದರೆ ಎರಡು ಸಲ ಏರಿಸಿದೆ, 440 ಬಂದರೆ ಏರಿಸಿಯೇ ಇಲ್ಲ. ಈ ಪರೀಕ್ಷೆಯನ್ನು ಕೆಳಗಿನ ಗಂಟೆಯ ಮೇಲೆ ಮಾಡಬೇಡಿ. ಸಿ3 ಗಂಟೆಗೆ ಟ್ಯೂನರ್ ಎಷ್ಟೋ ಸಲ ಜಿ4 ಅಂತ ತೋರಿಸುತ್ತದೆ. ಟ್ಯೂನರ್ ಕೆಟ್ಟಿಲ್ಲ, ಆ ಗಂಟೆಯೊಳಗೆ ಜಿ4 ನಿಜವಾಗಿಯೂ ಜೋರಾಗಿದೆ. ಎಳೆಯುವುದು ಯಾಕೆ ಕಷ್ಟ ಅನ್ನುವುದಕ್ಕೂ ಕಾರಣ ಇದೇ.

ಇಂಗ್ಲಿಷ್ ಶೈಲಿಯ ಹ್ಯಾಂಡ್‌ಬೆಲ್‌ನಲ್ಲಿ ಮುಖ್ಯವಾಗಿ ಎರಡು ಸ್ವರಗಳನ್ನು ಶ್ರುತಿ ಮಾಡುತ್ತಾರೆ. ಒಂದು ಮೂಲ ಸ್ವರ. ಇನ್ನೊಂದು ಅದರ ಮೂರು ಪಟ್ಟು ಕಂಪನದ್ದು, ಅಂದರೆ ಒಂದು ಆಕ್ಟೇವ್ ಮತ್ತೆ ಪಂಚಮ ಮೇಲೆ. ಸಿ3ರ ಮೂಲ 131 ಹರ್ಟ್ಸ್ ಆದರೆ ಎರಡನೆಯದು 392, ಅದೇ ಜಿ4. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಥಾಮಸ್ ರಾಸಿಂಗ್ ಗಂಟೆಗಳ ಈ ಕಂಪನಗಳನ್ನು ತುಂಬಾ ಅಧ್ಯಯನ ಮಾಡಿದವರು. ನಡುವಿನ ಗಂಟೆಗಳಲ್ಲಿ ಮೂಲ ಸ್ವರವೇ ಮುಂದಿರುತ್ತದೆ. ಕೆಳಗೆ ಹೋದ ಹಾಗೆ ಕಂಚಿನ ಗಂಟೆಗೆ ಮೂಲ ಸ್ವರವನ್ನು ಗಾಳಿಗೆ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ, ಮೇಲಿನ ಪಂಚಮ ಎದ್ದು ಕೇಳಿಸುತ್ತದೆ. ಅದಕ್ಕೇ ಕೆಳಗಿನ ಸ್ವರಗಳಿಗೆ ಅಲ್ಯೂಮಿನಿಯಂ ಗಂಟೆಗಳೂ ಬಂದಿವೆ: ಅಗಲ ಜಾಸ್ತಿ, ತೂಕ ಕಡಿಮೆ, ಮೂಲ ಸ್ವರ ತುಂಬಿಕೊಂಡು ಕೇಳಿಸುತ್ತದೆ.

ಇನ್ನು ಗಂಟೆಯೊಳಗಿನ ನಾಲಿಗೆ. ಮೇಲಿನ ಚಿಕ್ಕ ಗಂಟೆಗಳಲ್ಲಿ ಗಟ್ಟಿ ಪ್ಲಾಸ್ಟಿಕ್, ಕೆಳಗಿನ ದೊಡ್ಡವುಗಳಲ್ಲಿ ಮೆತ್ತನೆ ಹೊದಿಕೆ. ಹೀಗೆ ಲೋಹದ ಗಾತ್ರ, ದಪ್ಪ, ನಾಲಿಗೆ, ಮೊಳಗುವ ಹೊತ್ತು ಎಲ್ಲವೂ ಸ್ವರದ ಜೊತೆಗೆ ಬದಲಾಗುತ್ತಾ ಹೋಗುತ್ತವೆ. ಸ್ಯಾಂಪಲ್ ಎಳೆದಾಗ ಇದ್ಯಾವುದೂ ನಿಜವಾದ ಗಂಟೆಯ ಹಾಗೆ ಬದಲಾಗುವುದಿಲ್ಲ, ಟೇಪ್ ವೇಗ ಬದಲಾಯಿಸಿದ ಹಾಗೆ ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಒಂದು ಆಕ್ಟೇವ್ ಏರಿಸಿದರೆ ವೇಗ ಎರಡು ಪಟ್ಟು, ಮೊಳಗು ಅರ್ಧ. ಒಂದು ಆಕ್ಟೇವ್ ಇಳಿಸಿದರೆ ಮೊಳಗು ಎರಡು ಪಟ್ಟು ಉದ್ದ, ನಾಲಿಗೆ ಬಡಿದ ಚುರುಕು ಸದ್ದು 'ಡಬ್' ಅಂತ ಮೊಂಡಾಗುತ್ತದೆ. ಮೂರು ಸೆಮಿಟೋನ್ ಏರಿಸಿದರೆ ಮೊಳಗು 16 ಶೇಕಡಾದಷ್ಟು ಮಾತ್ರ ಕಡಿಮೆ. ಹಾಡಿನ ನಡುವೆ ಅದು ಯಾರ ಕಿವಿಗೂ ಸಿಗುವುದಿಲ್ಲ. ನಾನು ಮೂರಕ್ಕೆ ನಿಲ್ಲಿಸಿ ಅನ್ನುವುದು ಇದಕ್ಕೇ.

ಮೇಲಕ್ಕೆ ಎಳೆಯುವುದು ಕೆಳಕ್ಕೆ ಎಳೆಯುವುದಕ್ಕಿಂತ ಸುಲಭ. ಮೇಲಿನ ಗಂಟೆಗಳು ಹೇಗೂ ಬೇಗ ಆರಿಹೋಗುತ್ತವೆ. ಆದರೆ ಅಲ್ಲೂ ಒಂದು ಗೋಡೆ ಇದೆ. ಸಿ8ರ ಮೂಲ ಸ್ವರ 4186 ಹರ್ಟ್ಸ್, ಅದರ ಮೂರು ಪಟ್ಟು ಸುಮಾರು 12,560. ಸಿ9ಕ್ಕೆ ಹೋದರೆ 25,000 ದಾಟುತ್ತದೆ. 44.1 ಕಿಲೋಹರ್ಟ್ಸ್ ಆಡಿಯೊದಲ್ಲಿ 22,050ರ ಮೇಲಿನದು ಹಿಡಿಸುವುದೇ ಇಲ್ಲ. ಸಾಧಾರಣ ಸ್ಯಾಂಪ್ಲರ್‌ಗಳು (ಸ್ಯಾಂಪಲ್ ನುಡಿಸುವ ಸಾಫ್ಟ್‌ವೇರ್) ಇದನ್ನು ಸರಿಯಾಗಿ ಸೋಸದೆ ಮಡಚಿ ಕೆಳಗೆ ತಂದು ಹಾಕುತ್ತವೆ, ಹಾಡಿಗೆ ಸಂಬಂಧವೇ ಇಲ್ಲದ ಒಂದು ಸ್ವರ ಕೀಚಲಾಗಿ ಕೇಳಿಸುತ್ತದೆ. ಮೇಲಿನ ಸ್ವರಗಳಲ್ಲಿ ಅಪಸ್ವರ ಇದೆ ಅನ್ನಿಸಿದರೆ ಮೊದಲು ಇದನ್ನು ಅನುಮಾನಿಸಿ.

ಹಾಗಾದರೆ ಲೈಬ್ರರಿ ಮಾಡುವವರು ಎಲ್ಲ ಗಂಟೆಗಳನ್ನೂ ರೆಕಾರ್ಡ್ ಮಾಡಬಾರದಾ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ. 61 ಗಂಟೆ, ಒಂದೊಂದಕ್ಕೂ ಮೆಲ್ಲನೆಯಿಂದ ಜೋರಿನವರೆಗೆ ನಾಲ್ಕು ಹಂತ, ಪ್ರತಿ ಹಂತಕ್ಕೂ ಮೂರು ಬೇರೆ ಬೇರೆ ಹೊಡೆತ: 732 ರೆಕಾರ್ಡಿಂಗ್. ಸುಮಾರು 15 ಸೆಕೆಂಡ್ ಮೊಳಗು ಬಿಟ್ಟುಕೊಂಡರೆ, 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ 3 ಜಿಬಿ ದಾಟುತ್ತದೆ. ಇದು ಸಾದಾ ಬಾರಿಸುವುದು ಮಾತ್ರ. ಮೊಳಗಿನ ಒಂದು ತುಣುಕನ್ನೇ ಲೂಪ್ ಮಾಡಿ (ಮತ್ತೆ ಮತ್ತೆ ನುಡಿಸಿ) ಜಾಗ ಉಳಿಸೋಣ ಅಂದರೆ ಗಂಟೆಯ ಎರಡು ಸ್ವರಗಳೂ ಬೇರೆ ಬೇರೆ ವೇಗದಲ್ಲಿ ಆರುತ್ತವೆ, ಲೂಪ್ ಮಾಡಿದ ಕೂಡಲೇ ಆರ್ಗನ್ ಥರ ಆಗಿಬಿಡುತ್ತದೆ. ಜೊತೆಗೆ 7 ಆಕ್ಟೇವ್ ಪೂರ್ತಿ ಇರುವ ಗುಂಪುಗಳೂ ಕಡಿಮೆ. ಕೈಗೆ ಸಿಕ್ಕ 3 ಅಥವಾ 5 ಆಕ್ಟೇವ್ ಸೆಟ್ ರೆಕಾರ್ಡ್ ಮಾಡಿ ಅಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ಹಾಗೆ ನಿಲ್ಲಿಸಿದವರನ್ನು ನಾನು ಮೆಚ್ಚುತ್ತೇನೆ. ಇಲ್ಲದ ಗಂಟೆಯನ್ನು ಎಳೆದು ತೋರಿಸುವುದಕ್ಕಿಂತ ಸುಮ್ಮನಿರುವುದು ಎಷ್ಟೋ ಪ್ರಾಮಾಣಿಕ.

ಬಾರಿಸುವ ಬಗೆಗೂ ಅದರದರ ರೇಂಜ್ ಇದೆ, ಇದನ್ನು ಹೊಸಬರು ಗಮನಿಸುವುದಿಲ್ಲ. ಮಾರ್ಟೆಲಾಟೊ ಅಂದರೆ ಗಂಟೆಯನ್ನು ಅಡ್ಡ ಮಾಡಿ ಮೇಜಿನ ಫೋಮ್ ಮೇಲೆ ಬಡಿಯುವುದು. ದೊಡ್ಡ ಗಂಟೆಗೆ ಹಾಗೆ ಮಾಡುವುದಿಲ್ಲ, ಗಂಟೆಗೆ ಪೆಟ್ಟಾಗಬಹುದು. ಶೇಕ್, ಅಂದರೆ ಗಂಟೆಯನ್ನು ಬಿಡದೆ ಅಲುಗಾಡಿಸುವುದು, ಮೇಲಿನವುಗಳಲ್ಲಿ ಚೆನ್ನ. ನನ್ನ ಜಾಗದಲ್ಲಿ ನಿಂತು ಸಿ3 ಗಂಟೆಗೆ ಅದನ್ನು ಬರೆದುಕೊಟ್ಟರೆ ಮಣಿಕಟ್ಟು ಹೋಗುತ್ತದೆ. ನಾಲಿಗೆಯನ್ನು ಬೆರಳಲ್ಲಿ ಎಸೆಯುವ ಪ್ಲಕ್ ಕೆಳಗಿನ, ನಡುವಿನ ಗಂಟೆಗಳಿಗೆ ಹೊಂದುತ್ತದೆ, ತುದಿಯ ಚಿಕ್ಕ ಗಂಟೆಗಳಲ್ಲಿ ಕೇಳಿಸುವುದೇ ಕಷ್ಟ. ಒಳ್ಳೆಯ ಲೈಬ್ರರಿಯಲ್ಲಿ ಒಂದೊಂದು ಬಗೆಯೂ ಬೇರೆ ಬೇರೆ ಕೀಯಲ್ಲಿ ಮುಗಿದರೆ ಅದು ದೋಷವಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ತೊಂದರೆ ಕೀಸ್ವಿಚ್. ಬಾರಿಸುವ ಬಗೆ ಬದಲಾಯಿಸಲು ಕೀಬೋರ್ಡಿನ ಕೆಳತುದಿಯ ಕೀಗಳನ್ನು ಬಳಸುತ್ತಾರೆ. ಟ್ರಾನ್ಸ್‌ಪೋಸ್ ಇಳಿಸಿದಾಗ ನಿಮ್ಮ ಕೆಳಗಿನ ಸ್ವರ ಆ ಕೀಗಳ ಮೇಲೆ ಬಿದ್ದರೆ, ಸ್ವರ ಕೇಳಿಸುವ ಬದಲು ಮುಂದಿನ ಹಾಡೆಲ್ಲ ಮಾರ್ಟೆಲಾಟೊ ಆಗಿ ಕೂರುತ್ತದೆ. 12 ಇಳಿಸಿದ ಮೇಲೆ ಇದನ್ನೂ ಒಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಸ್ವರಗಳು ನಿಜವಾಗಿ ಇಲ್ಲ ಅಂದರೆ ಹೀಗೆ ಮಾಡಿ. ಲೈಬ್ರರಿ ಎಸ್‌ಎಫ್‌ಝಡ್ ರೂಪದಲ್ಲಿದ್ದರೆ ಅದು ಬರೀ ಟೆಕ್ಸ್ಟ್ ಫೈಲ್. ತುದಿಯ ಸ್ಯಾಂಪಲ್ ಇರುವ ಸಾಲಿನಲ್ಲಿ ಹೈಕೀ (ಆ ಸ್ಯಾಂಪಲ್ ಕೇಳಿಸುವ ಕೊನೆಯ ಕೀ) ಅನ್ನುವ ಸಂಖ್ಯೆಯನ್ನು ಎರಡೋ ಮೂರೋ ಹೆಚ್ಚಿಸಿ, ಪಿಚ್ ಕೀಸೆಂಟರ್ (ಸ್ಯಾಂಪಲ್‌ನ ಅಸಲಿ ಸ್ವರದ ಕೀ) ಮುಟ್ಟಬೇಡಿ. ಅದನ್ನು ಮುಟ್ಟಿದರೆ ಇರುವ ಸ್ವರದ ಶ್ರುತಿಯೂ ಕೆಡುತ್ತದೆ. ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್‌ನಲ್ಲಿ, ಲೈಬ್ರರಿಗೆ ಬೀಗ ಹಾಕಿಲ್ಲದಿದ್ದರೆ, ಆ ಝೋನ್‌ನ ಅಂಚನ್ನು ಮೌಸಿನಲ್ಲಿ ಎಳೆದರೆ ಅದೇ ಕೆಲಸ.

ಕೆಳಗಡೆ ಒಂದು ಆಕ್ಟೇವ್ ಪೂರ್ತಿ ಬೇಕೇ ಬೇಕು ಅಂದರೆ ಸ್ಯಾಂಪಲ್ ಬಿಟ್ಟು ಸಿಂಥ್‌ನಲ್ಲಿ (ಸದ್ದನ್ನು ಹೊಸದಾಗಿ ಹುಟ್ಟಿಸುವ ಸಾಧನ) ಕಟ್ಟುವುದು ಮೇಲು. ಎರಡು ಸೈನ್ ತರಂಗ ತೆಗೆದುಕೊಳ್ಳಿ, ಒಂದು ಮೂಲ ಸ್ವರಕ್ಕೆ, ಒಂದು ಅದರ ಮೂರು ಪಟ್ಟಿಗೆ. ಸಿ2ಕ್ಕೆ ಆದರೆ 65.4 ಮತ್ತು 196.2. ಎರಡನೆಯದು ಬೇಗ ಆರುವ ಹಾಗೆ ಇಡಿ, ಶುರುವಿಗೆ ಮೆತ್ತನೆಯ ಒಂದು ಬಡಿತ ಸೇರಿಸಿ. ಇಷ್ಟು ಸರಳ ಉಪಾಯ ಗಿಟಾರ್‌ಗೋ ಪಿಟೀಲಿಗೋ ನಡೆಯುವುದಿಲ್ಲ. ಹ್ಯಾಂಡ್‌ಬೆಲ್‌ನ ಹೆಚ್ಚಿನ ನಾದ ಈ ಎರಡೇ ಸ್ವರಗಳಲ್ಲಿ ಇರುವುದರಿಂದ ಇಲ್ಲಿ ನಡೆಯುತ್ತದೆ. ಅಭ್ಯಾಸದ ಫೈಲಿಗೆ ಧಾರಾಳವಾಗಿ ಸಾಕು.

ಗುಂಪಿನವರಿಗೆ ಕಳಿಸುವಾಗ ಮಿಡಿ ಫೈಲ್ ಕಳಿಸಬೇಡಿ, ಆಡಿಯೊ ಮಾಡಿ ಕಳಿಸಿ. ಜನರಲ್ ಮಿಡಿಯ 128 ವಾದ್ಯಗಳ ಪಟ್ಟಿಯಲ್ಲಿ ಗ್ಲಾಕೆನ್‌ಸ್ಪೀಲ್ ಇದೆ, ಟ್ಯೂಬ್ಯುಲಾರ್ ಬೆಲ್ಸ್ ಇದೆ, ಹ್ಯಾಂಡ್‌ಬೆಲ್ ಇಲ್ಲ. ಅವರ ಕಂಪ್ಯೂಟರಿನಲ್ಲಿ ಬೇರೇನೋ ಕೇಳಿಸುತ್ತದೆ, ಆಕ್ಟೇವ್ ಕೂಡ ಬೇರೆಯಾಗಬಹುದು.

ಇನ್ನು ಬರೆಯುವವರಾಗಿ ನಿಮಗೆ ಒಂದು ಮಾತು. ಸಾಫ್ಟ್‌ವೇರ್‌ನಲ್ಲಿ ಎಷ್ಟು ಗಂಟೆಗಳಿವೆ ಅಂತ ನೋಡಿ ಬರೆಯಬೇಡಿ, ಆ ಚರ್ಚಿನ ಕಪಾಟಿನಲ್ಲಿ ಯಾವ ಗಂಟೆಗಳಿವೆ ಅಂತ ಕೇಳಿ ಬರೆಯಿರಿ. 5 ಆಕ್ಟೇವ್ ಅಂದರೂ ಒಂದೆರಡು ಗಂಟೆ ರಿಪೇರಿಗೆ ಹೋಗಿರಬಹುದು, ಮೇಲಿನ ತುದಿ ಬಾರಿಸುವವರು ಆ ವಾರ ಬರದೇ ಇರಬಹುದು. ಅಚ್ಚಾದ ಹ್ಯಾಂಡ್‌ಬೆಲ್ ಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ಬೇಕಾಗುವ ಗಂಟೆಗಳ ಚಾರ್ಟ್ ಕೊಡುತ್ತಾರೆ, ಚಿಕ್ಕ ಸೆಟ್‌ನವರು ಬಿಡಬಹುದಾದ ಸ್ವರಗಳನ್ನು ಕಂಸದಲ್ಲಿ ಹಾಕುತ್ತಾರೆ. ನೀವೂ ಹಾಗೇ ಮಾಡಿ: ಸಿ4ರಿಂದ ಸಿ7ರೊಳಗೆ ಹಾಡು ಪೂರ್ತಿ ನಿಲ್ಲುವ ಹಾಗೆ ಬರೆದು, ಅದರಾಚೆಯದನ್ನು ಕಂಸದಲ್ಲಿ ಇಡಿ. ಆಗ ನಿಮ್ಮ ಲೈಬ್ರರಿಯ ತುದಿ ಎಲ್ಲಿ ಮುಗಿದರೂ ರಾಗ ತುಂಡಾಗುವುದಿಲ್ಲ.

880ರ ಪರೀಕ್ಷೆ ಮಾಡಿದಾಗ ಟ್ಯೂನರ್ ಏನು ತೋರಿಸಿತು, ನಿಮ್ಮ ಲೈಬ್ರರಿಯಲ್ಲಿ ಸದ್ದು ಬರುವ ಮೊದಲ ಮತ್ತು ಕೊನೆಯ ಮಿಡಿ ನಂಬರ್ ಎಷ್ಟು, ಇಷ್ಟು ಕೆಳಗೆ ಬರೆಯಿರಿ. ಯಾವ ಕಡೆಗೆ ಎಷ್ಟು ಸರಿಸಬೇಕು ಅಂತ ಹೇಳುತ್ತೇನೆ.