ಮೂರು ಹೆಸರು, ಒಂದೇ ಐಪಿ

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನಲ್ಲಿ ಮೂರು ಲಿನಕ್ಸ್ ಸರ್ವರ್ ಇವೆ. ಹೊರಗಿನ ಐಪಿ (ಇಂಟರ್ನೆಟ್ ವಿಳಾಸ) ಒಂದೇ. ಹೆಸರನ್ನು ಐಪಿಗೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಮೂರು ಹೆಸರು ಮಾಡಿ ಅದೇ ಐಪಿ ಕೊಟ್ಟಿದ್ದೇನೆ. ವೆಬ್‌ಸೈಟ್‌ಗಳು ಹೆಸರಿನ ಪ್ರಕಾರ ಸರಿಯಾಗಿ ತೆರೆಯುತ್ತವೆ. ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್) ಮಾಡಿದರೆ ಮಾತ್ರ ಯಾವ ಹೆಸರು ಕೊಟ್ಟರೂ ಮೊದಲನೇ ಸರ್ವರಿಗೇ ಹೋಗುತ್ತದೆ. ಎಲ್ಲಿ ತಪ್ಪಿದೆ ಸರ್?
– ಲ್ಯಾಬ್ ಉಸ್ತುವಾರಿ, ದಾವಣಗೆರೆ

ಉತ್ತರ: ಸೆಟ್ಟಿಂಗ್ ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಎಸ್‌ಎಚ್ ಇರುವುದೇ ಹಾಗೆ.

ನೀವು ಟೈಪ್ ಮಾಡಿದ ಹೆಸರನ್ನು ನಿಮ್ಮ ಲ್ಯಾಪ್‌ಟಾಪ್ ಐಪಿಯಾಗಿ ಬದಲಿಸಿಕೊಂಡು ಅಲ್ಲಿನ 22ನೇ ಪೋರ್ಟಿಗೆ, ಅಂದರೆ ಎಸ್‌ಎಸ್‌ಎಚ್‌ನ ಬಾಗಿಲಿಗೆ, ಹೋಗುತ್ತದೆ. ಆ ಹೆಸರನ್ನು ಸರ್ವರಿಗೆ ಹೇಳುವುದೇ ಇಲ್ಲ! ಬ್ರೌಸರ್ ಹೇಳುತ್ತದೆ. ಎಚ್‌ಟಿಟಿಪಿ 1.1ರಲ್ಲಿ ಹೋಸ್ಟ್ ಹೆಡರ್, ಅಂದರೆ ಸೈಟಿನ ಹೆಸರು ಹೇಳುವ ಸಾಲು, ಕಡ್ಡಾಯ. ಎಚ್‌ಟಿಟಿಪಿಎಸ್‌ಗೆ ಅದೇ ಕೆಲಸ ಮಾಡುವ ಎಸ್‌ಎನ್‌ಐ ಇದೆ, ಅದು 2003ರಲ್ಲೇ ಬಂತು. ಎಸ್‌ಎಸ್‌ಎಚ್‌ನ ಆರ್‌ಎಫ್‌ಸಿಗಳು (ಅದು ಹೇಗೆ ನಡೆಯಬೇಕೆಂದು ಹೇಳುವ ದಾಖಲೆಗಳು) 2006ರಲ್ಲಿ ಬಂದವು. ಆದರೂ ಯಾವ ಸರ್ವರ್ ಬೇಕು ಅಂತ ಹೇಳಲು ಅದರಲ್ಲಿ ಜಾಗವೇ ಇಟ್ಟಿಲ್ಲ. ಎರಡೂ ಕಡೆಯವರು ಮೊದಲು ತಮ್ಮ ವರ್ಷನ್ ಹೇಳಿಕೊಳ್ಳುತ್ತಾರೆ, ಆಮೇಲೆ ಕೀ ವಿನಿಮಯ. ಯೂಸರ್‌ನೇಮ್ ಹೋಗುವುದು ಎನ್‌ಕ್ರಿಪ್ಷನ್ ಶುರುವಾದ ಮೇಲೆಯೇ.

ಹಾಗಾದರೆ ಯೂಸರ್‌ನೇಮ್ ನೋಡಿ ಬೇರೆ ಬೇರೆ ಕಡೆ ಕಳಿಸಬಹುದಲ್ವಾ? ಕಳಿಸಬಹುದು. ಆದರೆ ಅದನ್ನು ಓದಲು ಮಧ್ಯದ ಯಂತ್ರ ತನ್ನದೇ ಹೋಸ್ಟ್ ಕೀ (ಸರ್ವರಿನ ಗುರುತಿನ ಕೀ) ತೋರಿಸಿ ಎನ್‌ಕ್ರಿಪ್ಷನ್ ಬಿಚ್ಚಬೇಕು. ಮೂರು ಸರ್ವರಿಗೆ ಅಷ್ಟೆಲ್ಲ ಯಾಕೆ?

ನನ್ನ ಆಯ್ಕೆ ಪ್ರಾಕ್ಸಿಜಂಪ್, ಅಂದರೆ ಒಂದು ಸರ್ವರಿನ ಮೂಲಕ ಇನ್ನೊಂದಕ್ಕೆ ದಾಟುವುದು. ಓಪನ್‌ಎಸ್‌ಎಸ್‌ಎಚ್ 7.3ರಿಂದ, ಅಂದರೆ 2016ರಿಂದ ಇದೆ. ಮೊದಲನೇ ಸರ್ವರ್ ಮಾತ್ರ ಹೊರಗೆ ಕಾಣಲಿ. ನಿಮ್ಮ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ 'ಹೋಸ್ಟ್' ಎದುರು ಎರಡನೇ ಸರ್ವರಿಗೆ ಒಂದು ಚಿಕ್ಕ ಹೆಸರು, 'ಹೋಸ್ಟ್‌ನೇಮ್' ಎದುರು ಅದರ ಒಳಗಿನ ಐಪಿ, 'ಪ್ರಾಕ್ಸಿಜಂಪ್' ಎದುರು ಮೊದಲನೇ ಸರ್ವರಿನ ಹೆಸರು ಬರೆಯಿರಿ. ಮೂರನೆಯದಕ್ಕೂ ಹಾಗೇ. ಆಮೇಲೆ ಆ ಚಿಕ್ಕ ಹೆಸರು ಕೊಟ್ಟರೆ ಸಾಕು, ನೇರ ಒಳಗೆ. ಎನ್‌ಕ್ರಿಪ್ಷನ್ ಲ್ಯಾಪ್‌ಟಾಪಿನಿಂದ ಕೊನೆಯ ಸರ್ವರಿನವರೆಗೂ ಇರುತ್ತದೆ, ಮಧ್ಯದ್ದು ಬರೀ ದಾಟಿಸುತ್ತದೆ. ಹಾಗಾಗಿ ನಿಮ್ಮ ಪ್ರೈವೇಟ್ ಕೀಯನ್ನು ಮೊದಲನೇ ಸರ್ವರಿಗೆ ಕಾಪಿ ಮಾಡಲೇಬೇಡಿ. ಲ್ಯಾಬುಗಳಲ್ಲಿ ಈ ಚಾಳಿ ಜಾಸ್ತಿ.

ರೂಟರಿನಲ್ಲಿ 2202, 2203 ಅಂತ ಪೋರ್ಟ್ ಫಾರ್ವರ್ಡ್ ಮಾಡಿ, ಒಂದನ್ನು ಎರಡನೇ ಸರ್ವರಿಗೆ, ಇನ್ನೊಂದನ್ನು ಮೂರನೆಯದಕ್ಕೆ ಕಳಿಸಿದರೂ ನಡೆಯುತ್ತದೆ. ನನಗೆ ಅಷ್ಟು ಇಷ್ಟವಿಲ್ಲ. ಹುಡುಗರು ನಂಬರ್ ಮರೆಯುತ್ತಾರೆ, ಮತ್ತೆ ಎಷ್ಟೋ ಆಫೀಸಿನ ಫೈರ್‌ವಾಲ್‌ಗಳು ಇಂಥ ಪೋರ್ಟ್ ಬಿಡುವುದೇ ಇಲ್ಲ.

ನಿಮ್ಮ ಕನೆಕ್ಷನ್ನಿಗೆ ಐಪಿವಿ6 (ಐಪಿ ವಿಳಾಸಗಳ ಹೊಸ ಪದ್ಧತಿ) ಇದೆಯಾ ಅಂತಲೂ ಕೇಳಿ ನೋಡಿ. ಇದ್ದರೆ ಒಂದೊಂದು ಸರ್ವರಿಗೂ ಅದರದೇ ವಿಳಾಸ ಸಿಗುತ್ತದೆ. ಆಗ ವೆಬ್‌ಸೈಟಿನ ಹೆಸರು ಮುಟ್ಟಬೇಡಿ, ಎಸ್‌ಎಸ್‌ಎಚ್‌ಗೆ ಬೇರೆ ಹೆಸರು ಮಾಡಿ ಡಿಎನ್‌ಎಸ್‌ನಲ್ಲಿ ಎಎಎಎ ರೆಕಾರ್ಡ್ (ಹೆಸರಿಗೆ ಐಪಿವಿ6 ವಿಳಾಸ ಕೊಡುವ ಸಾಲು) ಮಾತ್ರ ಹಾಕಿ. ಹಳೇ ಹೆಸರನ್ನೇ ಬಳಸಿದರೆ, ಅವರವರ ಲ್ಯಾಪ್‌ಟಾಪಿನಲ್ಲಿ ಆ ಹೆಸರಿಗೆ ಮೊದಲನೇ ಸರ್ವರಿನ ಕೀ ಉಳಿದಿರುವುದರಿಂದ ಎಲ್ಲರ ಪರದೆ ಮೇಲೂ 'ಹೋಸ್ಟ್ ಕೀ ಬದಲಾಗಿದೆ' ಅನ್ನುವ ದೊಡ್ಡ ಎಚ್ಚರಿಕೆ ಬಂದು, ನಿಮಗೆ ದಿನವಿಡೀ ಫೋನ್ ಬರುತ್ತದೆ.